ಕ್ಲಚ್ಚಿನ ಗಾಳಿ ತೆಗೆದ ದಿನ

ಕಾರು ಬಿಡಲು ಕಲಿಯುತ್ತೇನೆ ಎಂದು ನಾನು ಹೇಳಿದಾಗ ನನಗೆ ನಲವತ್ತೊಂಬತ್ತು ವರ್ಷ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, “ಯಾಕೆ? ಕರ್ಕೊಂಡು ಹೋಗಕ್ಕೆ ನಾನಿಲ್ವಾ?” ಎಂದರು. ಇದ್ದರು. ತೊಂದರೆ ಇದ್ದದ್ದೇ ಅಲ್ಲಿ.

ನನ್ನ ಅಕ್ಕನ ಮನೆ ನರಸಿಂಹರಾಜಪುರದಲ್ಲಿ. ನಾವಿರುವುದು ಜಯಪುರದ ಹತ್ತಿರ. ನಡುವೆ ಕೊಪ್ಪ. ದೂರವೇನೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಬಸ್ಸಿನಲ್ಲಿ ಹೋದರೆ ಮುಟ್ಟಿದ ಒಂದು ಗಂಟೆಗೆಲ್ಲ ವಾಪಸು ಬಸ್ಸಿನ ಚಿಂತೆ, ಕಾರಿನಲ್ಲಿ ಹೋದರೆ ನಮ್ಮನೆಯವರ ಚಿಂತೆ. ಅವರು ಒಳ್ಳೆಯವರೇ, ಯಾರೂ ಅಲ್ಲ ಎನ್ನುವಂತಿಲ್ಲ. ಆದರೆ ಬೇರೆಯವರ ಮನೆಯಲ್ಲಿ ಕುರ್ಚಿಯ ಅಂಚಿಗಷ್ಟೇ ಕೂರುತ್ತಾರೆ. ಕಾಫಿ ಮುಗಿದ ತಕ್ಷಣ ಅವರ ಕೈ ಜೇಬಿನಲ್ಲಿರುವ ಕೀ ಹುಡುಕುತ್ತದೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನೂ ಅಕ್ಕನೂ ಒಂದೇ ಒಂದು ಮಾತನ್ನು ಶುರುವಿನಿಂದ ಕೊನೆಯವರೆಗೆ ಆಡಿ ಮುಗಿಸಿದ್ದಿಲ್ಲ. ಅವಳಿಗೆ ಆಪರೇಷನ್ ಮಾಡಬೇಕೆಂದು ಡಾಕ್ಟರು ಹೇಳಿದ್ದನ್ನು ಅವಳು ನನಗೆ ತಿಳಿಸಿದ್ದು ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ, ನಾನು ಬೆಲ್ಟ್ ಹಾಕಿಕೊಂಡು ಆದಮೇಲೆ. ಫೋನ್ ಇದೆಯಲ್ಲ ಎಂದು ಕೇಳಬೇಡಿ. ಅವಳ ಮನೆಯಲ್ಲಿ ಫೋನಿನ ಮಾತೆಂದರೆ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಊಟ ಆಯ್ತಾ, ಮಳೆ ಬಂತಾ ಎನ್ನುವುದು.

ಹಾಗಾಗಿ ನನಗೆ ಲೈಸೆನ್ಸ್ ಬೇಕಿತ್ತು. ಒಬ್ಬಳೇ ಹೋಗಿ, ಅಕ್ಕನ ಮುಂದೆ ಕಾಲು ಮಡಚಿ ಕೂತು, ಎದ್ದು ಬರಬೇಕು ಅನ್ನಿಸಿದಾಗ ಎದ್ದು ಬರಲು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. “ಸುಮ್ನೆ, ಕಷ್ಟಕಾಲಕ್ಕೆ ಇರ್ಲಿ” ಎಂದಿದ್ದೆ.

ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಆರು ತಿಂಗಳಿನದು. ಕೊಪ್ಪದಲ್ಲಿ ಆರ್‌ಟಿಓದವರ ಕ್ಯಾಂಪ್ ಇರುವ ದಿನ ನೋಡಿ ಟೆಸ್ಟಿಗೆ ಸ್ಲಾಟ್ ತೆಗೆದುಕೊಳ್ಳಬೇಕು. ಮೊದಲ ಸಲದ ಸ್ಲಾಟ್ ಮನೆಯಲ್ಲಿ ತಿಥಿಯ ದಿನವೇ ಬಂತು. ಎರಡನೆಯ ಸಲ ಅಡಿಕೆ ಸುಲಿಯಲು ಹದಿನಾಲ್ಕು ಜನ ಬಂದಿದ್ದರು, ಅವರಿಗೆ ಅಡುಗೆ ಮಾಡುವವರಾರು? ಮೂರನೆಯ ಸ್ಲಾಟ್ ಸಿಕ್ಕಿದ್ದು ಎಲ್ಎಲ್ ಮುಗಿಯುವುದಕ್ಕೆ ಎರಡೇ ದಿನ ಮುಂಚೆ. “ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಬಿಡು ಮಾರಾಯ್ತಿ. ನಿನ್ನ ಹಣೇಲಿ ಇಲ್ಲ ಅಂತ ಅಂದ್ಕಳಣ” ಎಂದರು ನಮ್ಮನೆಯವರು. ಅವರ ದನಿಯಲ್ಲಿ ಒಂದು ಚೂರು ಸಮಾಧಾನ ಇದ್ದದ್ದು ನನಗೆ ಗೊತ್ತಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಅವರ ಚಪಾತಿಗೆ ತುಪ್ಪ ಹಾಕಲಿಲ್ಲ.

ಟೆಸ್ಟಿನ ಹಿಂದಿನ ದಿನ ಬೆಳಿಗ್ಗೆ ಅಂಗಳದಲ್ಲಿ ರಿವರ್ಸ್ ಅಭ್ಯಾಸ ಮಾಡುತ್ತಿದ್ದೆ. ಕ್ಲಚ್ ಒತ್ತಿದೆ. ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಬಗ್ಗಿ ಕೈಯಲ್ಲಿ ಎತ್ತಿದೆ, ಮತ್ತೆ ಒತ್ತಿದೆ, ಸತ್ತ ಹಾಗೆ ಅಲ್ಲೇ ಮಲಗಿತು. ಗೇರ್ ಹಾಕಹೋದರೆ ಕರಕರ ಎಂದು ಹಲ್ಲು ಕಡಿಯಿತು.

“ಎಂತ ಮಾಡ್ದೆ?” ಎಂದು ನಮ್ಮನೆಯವರು ಹೊರಗೆ ಓಡಿಬಂದರು.

“ನಾನೆಂತ ಮಾಡ್ಲಿಲ್ಲ. ಅದೇ ಹೋಯ್ತು.”

ಜಯಪುರದ ಮೆಕ್ಯಾನಿಕ್ ಬೈಕಿನಲ್ಲಿ ಬಂದು, ಕೆಳಗೆ ತೂರಿ ನೋಡಿ, ಗೇರ್ ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರ್ ಸೋರಿಹೋಗಿದೆ ಎಂದ. ಈ ಕಾರಿನ ಕ್ಲಚ್ಚಿಗೆ ಕೇಬಲ್ ಇಲ್ಲ, ಎಣ್ಣೆ. ಪೆಡಲ್ ಒತ್ತಿದರೆ ಪೈಪಿನಲ್ಲಿರುವ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಸಣ್ಣ ಸಿಲಿಂಡರನ್ನು ತಳ್ಳುತ್ತದೆ, ಅದು ಕ್ಲಚ್ಚನ್ನು ಬಿಡಿಸುತ್ತದೆ. ಹೊಸ ಸಿಲಿಂಡರ್ ಶೃಂಗೇರಿಯಲ್ಲಿ ಸಿಗುತ್ತದೆ, ಹಾಕುವುದೂ ಸುಲಭ. “ಆದ್ರೆ ಹಾಕುವಾಗ ಪೈಪಿನೊಳಗೆ ಗಾಳಿ ಸೇರ್ಕಣ್ತದೆ. ಅದನ್ನ ತೆಗಿಯೋದೇ ಕೆಲ್ಸ. ಎಣ್ಣೆ ಕುಗ್ಗಲ್ಲ, ಗಾಳಿ ಕುಗ್ತದೆ. ಒಂದು ಗುಳ್ಳೆ ಉಳಿದ್ರೂ ಪೆಡ್ಲು ಮೆತ್ತಗೆ, ಗೇರ್ ಬೀಳಲ್ಲ” ಎಂದ. ತಾನು ಬಸರೀಕಟ್ಟೆಯಲ್ಲಿ ಕೆಟ್ಟು ನಿಂತ ಎಸ್ಟೇಟ್ ಜೀಪಿಗೆ ಹೋಗಬೇಕು, ನಾಳೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದ.

ನಾಳೆ ಮಧ್ಯಾಹ್ನ! ನನ್ನ ಟೆಸ್ಟ್ ಬೆಳಿಗ್ಗೆ ಹತ್ತೂವರೆಗೆ. ಬೇರೆ ಕಾರಿನಲ್ಲಿ ಕೊಡಬಹುದಿತ್ತು, ಆದರೆ ಆರು ತಿಂಗಳು ನಾನು ಓಡಿಸಿದ್ದು ಇದೊಂದನ್ನೇ. ಇದರ ಕ್ಲಚ್ ಎಲ್ಲಿ ಹಿಡಿಯುತ್ತದೆ ಎನ್ನುವುದು ನನಗೆ ನನ್ನ ಹೊಲಿಗೆ ಮೆಷಿನ್ನಿನಷ್ಟೇ ಗೊತ್ತು. ಬೇರೆಯದರಲ್ಲಿ ಕೂರಿಸಿದರೆ ನಾನು ಇನ್‌ಸ್ಪೆಕ್ಟರ ಮುಂದೆ ಕಪ್ಪೆಯ ಹಾಗೆ ಹಾರುವುದು ಗ್ಯಾರಂಟಿ. ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಲವತ್ತೊಂಬತ್ತು ವರ್ಷದವಳು, ಬೆಳ್ಳಂಬೆಳಿಗ್ಗೆ, ಒಂದು ಪೆಡಲಿಗಾಗಿ.

ಇದನ್ನು ನೋಡಿ ನಮ್ಮನೆಯವರು ಕರಗಿದರೋ ಹೆದರಿದರೋ ಗೊತ್ತಿಲ್ಲ. “ಅಳಬೇಡ ಮಾರಾಯ್ತಿ, ನಾನೇ ಮಾಡ್ತೀನಿ. ಗಾಳಿ ತೆಗಿಯೋದು ಎಂತ ಮಹಾ? ಗುಡ್ಡದ ಪೈಪಿಂದು ಎಷ್ಟು ಸಲ ತೆಗ್ದಿಲ್ಲ?” ಎಂದರು. ಅದು ನಿಜವೇ. ನಮ್ಮ ಕಡೆ ಗುಡ್ಡದ ಹಳ್ಳದಿಂದ ಮನೆಗೆ ಕಪ್ಪು ಪೈಪಿನಲ್ಲಿ ನೀರು ಬರುತ್ತದೆ. ಆಗಾಗ ಗಾಳಿ ಹಿಡಿದು ನಿಲ್ಲುತ್ತದೆ. ಆಗ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಕೂ ಹಾಕುತ್ತ ಜಾಯಿಂಟ್ ಬಿಚ್ಚಿ ಗಾಳಿ ಬಿಡುವುದು ನಮಗೆಲ್ಲ ಹಲ್ಲುಜ್ಜಿದಷ್ಟು ಅಭ್ಯಾಸ. ಅವರು ಬೈಕ್ ಹತ್ತಿ ಶೃಂಗೇರಿಗೆ ಹೋಗಿ ಹನ್ನೆರಡು ಗಂಟೆಗೆ ಸಿಲಿಂಡರ್ ಮತ್ತು ಅರ್ಧ ಲೀಟರ್ ಎಣ್ಣೆಯ ಡಬ್ಬಿಯೊಂದಿಗೆ ಬಂದರು. ಊಟ ಮಾಡಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸುವಾಗ ಮೂರು ಗಂಟೆ.

ಇನ್ನು ಗಾಳಿ. ಇದಕ್ಕೆ ಇಬ್ಬರು ಬೇಕು. ನಾನು ಡ್ರೈವರ್ ಸೀಟಿನಲ್ಲಿ, ಅವರು ಬಾನೆಟ್ಟಿನ ಹಿಂದೆ. ಅವರು “ಒತ್ತು” ಎಂದಾಗ ನಾಲ್ಕೈದು ಸಲ ಒತ್ತಿ ಬಿಡಬೇಕು, “ಹಿಡಿ” ಎಂದಾಗ ಪೂರ್ತಿ ಒತ್ತಿ ಹಿಡಿಯಬೇಕು. ಆಗ ಅವರು ಸಿಲಿಂಡರಿನ ಮೇಲಿರುವ ಸಣ್ಣ ನಿಪ್ಪಲ್ಲನ್ನು ಹತ್ತು ನಂಬರ್ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಡಿಲ ಮಾಡುತ್ತಾರೆ. ಎಣ್ಣೆಯೂ ಗುಳ್ಳೆಯೂ ಟ್ಯೂಬಿನಲ್ಲಿ ಹೊರಗೆ ಬಂದು ಬಾಟಲಿಗೆ ಬೀಳುತ್ತದೆ. ಅವರು ನಿಪ್ಪಲ್ ಬಿಗಿಮಾಡಿ “ಬಿಡು” ಎಂದಮೇಲೆ ನಾನು ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ, ಮೇಲಿನ ಬುಡ್ಡಿಯಲ್ಲಿ ಎಣ್ಣೆ ಇಳಿದ ಹಾಗೆಲ್ಲ ಡಬ್ಬಿಯಿಂದ ತುಂಬುತ್ತ. ಟ್ಯೂಬು ನಮ್ಮ ಔಷಧಿ ಹೊಡೆಯುವ ಪಂಪಿನ ಹಳೆಯ ತುಂಡು, ಗಿಡ್ಡವಾಗಿ ಬಾಟಲಿಯ ಬಾಯಿಯಲ್ಲೇ ನೇತಾಡುತ್ತಿತ್ತು. ನಮ್ಮನೆಯವರ ಅಪ್ಪ, ನನ್ನ ಮಾವ, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ಅವರಿಗೆ ಎಂಬತ್ತನಾಲ್ಕು.

ನಮ್ಮ ಅಂಗಳದ್ದು ಒಂದು ಸಂಗತಿ ಹೇಳಬೇಕು. ಮೇಲಿನ ನಾಲ್ಕು ಮನೆಗಳಿಗೆ ದಾರಿ ನಮ್ಮ ಅಂಗಳದ ಮೇಲೆಯೇ. ಸಾಲದ್ದಕ್ಕೆ ಅದು ಮದುವೆಯ ಸೀಸನ್ನು, ಕರೆಯಲು ಬರುವವರಿಗೆ ಲೆಕ್ಕವಿಲ್ಲ.

“ಒತ್ತು!” ಒತ್ತಿದೆ. “ಹಿಡಿ!” ಹಿಡಿದೆ. ಅಷ್ಟರಲ್ಲಿ ಮೇಲಿನ ಮನೆಯ ದೊಡ್ಡತ್ತೆ ಬಸಳೆಯ ಕಟ್ಟು ಹಿಡಿದು ಪಕ್ಕದಲ್ಲೇ ಪ್ರತ್ಯಕ್ಷರಾದರು. ನಾನು ಎದ್ದು ನಿಂತೆ. ಇದರಲ್ಲಿ ಯೋಚಿಸುವುದೇನೂ ಇಲ್ಲ, ದೊಡ್ಡವರು ಬಂದರೆ ಏಳುತ್ತೇವೆ, ಉಸಿರಾಡುವುದಕ್ಕೆ ಯಾರಾದರೂ ಯೋಚಿಸುತ್ತಾರೆಯೇ?

“ಎಂತ ಮಾಡ್ತಿದೀರೇ ಇಬ್ರೂ?”

“ಗಾಳಿ ತೆಗೀತಿದೀವಿ ದೊಡ್ಡತ್ತೆ.”

“ತೆಗೀರಿ, ತೆಗೀರಿ” ಎಂದು ಅವರು ಬಸಳೆ ಜಗಲಿಯಲ್ಲಿಟ್ಟು ಹೋದರು. ನಾನು ಕೂತು ಮತ್ತೆ ಪೆಡಲ್ ಒತ್ತಿದೆ. ಎಲ್ಲ ಸೇರಿ ಅರ್ಧ ನಿಮಿಷ. ಬಾನೆಟ್ ಎತ್ತಿದ್ದರಿಂದ ನನಗೆ ಅವರು ಕಾಣುವುದಿಲ್ಲ, ಅವರಿಗೆ ನಾನು ಕಾಣುವುದಿಲ್ಲ.

ಹತ್ತು ಸಲ ಆಯಿತು, ಹದಿನೈದು ಸಲ ಆಯಿತು. ಗುಳ್ಳೆ ಕಡಿಮೆಯಾಗುತ್ತಿದೆ ಎಂದು ಅವರು ಖುಷಿಯಿಂದ ಕೂಗಿದರು. ಪೆಡಲ್ಲೂ ಸ್ವಲ್ಪ ಗಟ್ಟಿಯಾಗಿತ್ತು. ನಾನು ಮತ್ತೆ ಒತ್ತಿ ಹಿಡಿದಿದ್ದಾಗ ಜಯಪುರದ ಕಡೆಯ ವಯಸ್ಸಾದ ಗಂಡ ಹೆಂಡತಿ ಮೊಮ್ಮಗಳ ಮದುವೆಗೆ ಕರೆಯಲು ಬಂದರು. ನಮ್ಮನೆಯವರು ಬಾನೆಟ್ಟಿನ ಹಿಂದಿನಿಂದಲೇ, “ಬನ್ನಿ, ಬನ್ನಿ, ಕೈಯೆಲ್ಲ ಎಣ್ಣೆ” ಎಂದು ಮೊಣಕೈ ಎತ್ತಿ ತೋರಿಸಿದರು. ಕರೆಯುವುದು ಮನೆಯ ಹೆಂಗಸನ್ನು, ನಾನು ಕಾರಿನೊಳಗೆ ಕೂತು ಕರೆಸಿಕೊಳ್ಳುವುದುಂಟೇ? ಇಳಿದೆ. ಕುಂಕುಮ ಇಟ್ಟರು, ಕಾಗದ ಕೊಟ್ಟರು, “ಎಲ್ರೂ ಬರ್ಬೇಕು, ಹಿಂದಿನ ದಿನವೇ ಬರ್ಬೇಕು” ಎಂದರು. ನಾನು ಬಗ್ಗಿ ಕಾಲಿಗೆ ನಮಸ್ಕಾರ ಮಾಡುತ್ತಿರುವಾಗ ಬಾನೆಟ್ಟಿನ ಹಿಂದಿನಿಂದ, “ಹಿಡ್ಕಂಡಿದೀಯಾ?” ಎಂಬ ಕೂಗು ಬಂತು.

“ಹ್ಞಾ, ಹಿಡ್ಕಂಡಿದೀನಿ!” ಎಂದೆ. ನಾನು ಹಿಡಿದಿದ್ದದ್ದು ಆ ಅಜ್ಜಿಯ ಪಾದ.

ಅವರಿಗೆ ಆಸರಿಗೆ ಬೆಲ್ಲ ನೀರು ಕೊಟ್ಟು ಕಳಿಸಿ ಬಂದು ಕೂತು ಒತ್ತಿದರೆ ಪೆಡಲ್ ಬೆಣ್ಣೆ. ಬೆಳಿಗ್ಗೆಗಿಂತ ಮೆತ್ತಗೆ.

ನಮ್ಮನೆಯವರು ತಲೆ ಮೇಲೆ ಕೈ ಹೊತ್ತು, ಅಂದರೆ ಎಣ್ಣೆಯ ಕೈಯನ್ನೇ ಹೊತ್ತು, ಸುತ್ತಲೂ ನೋಡಿದರು. “ಎಲ್ಲಿಂದ ಬರ್ತಿದೆ ಈ ಗಾಳಿ? ಇಷ್ಟು ಹೊತ್ತು ತೆಗೆದ್ರೆ ಒಂದು ಲಾರಿ ಟಯರಿನ ಗಾಳಿ ಖಾಲಿಯಾಗ್ಬೇಕಿತ್ತು!” ವಾಷರ್ ಸರಿಯಿಲ್ಲವೇನೋ ಎಂದರು. ಸಿಲಿಂಡರ್ ಡೂಪ್ಲಿಕೇಟೋ ಎಂದರು. ಶೃಂಗೇರಿಯ ಅಂಗಡಿಯವನ ಮುಖ ನೋಡಿದಾಗಲೇ ಅನುಮಾನ ಬಂದಿತ್ತು ಎಂದರು, ಪಾಪ ಆ ಮನುಷ್ಯ. ಡಬ್ಬಿಯಲ್ಲಿ ಎಣ್ಣೆ ಕಾಲು ಭಾಗಕ್ಕೆ ಇಳಿದಿತ್ತು. ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

ಅವನು ಬಸರೀಕಟ್ಟೆಯ ಜೀಪಿನ ಕೆಳಗಿನಿಂದಲೇ ಮಾತಾಡಿದ. “ಒಳ್ಗೆ ಕೂತವ್ರು ಮಧ್ಯ ಕಾಲು ತೆಗೀತಿದಾರಾ ನೋಡಿ ಅಣ್ಣಾ. ನಿಪ್ಪಲ್ ಓಪನ್ ಇದ್ದಾಗ ಒಂದು ಸಲ ಕಾಲು ಎತ್ತಿದ್ರೆ ಮುಗೀತು, ಪೆಡ್ಲು ವಾಪಸ್ ಬರುವಾಗ ಹೊರ್ಗಿನ ಗಾಳಿ ಅಷ್ಟನ್ನೂ ಒಳ್ಗೆ ಎಳ್ಕಣ್ತದೆ. ಮಾಡಿದ್ದೆಲ್ಲ ನೀರಲ್ಲಿ ಹೋಮ.”

ಆ ಕಾಲು ನನ್ನದೇ. ಸುಮ್ಮನಿರಬಹುದಿತ್ತು. ಆದರೆ ಜಗಲಿಯಲ್ಲಿ ಮಾವ ಇದ್ದರು, ಅವರು ಎಲ್ಲವನ್ನೂ ಕಂಡಿದ್ದರು, ಬಾಯಲ್ಲಿ ಎಲೆ ಅಡಿಕೆ ಇದ್ದುದರಿಂದ ಮಾತ್ರ ಇಲ್ಲಿಯವರೆಗೆ ಸುಮ್ಮನಿದ್ದರು.

“ನಾನು... ಎರಡು ಸಲ... ಎದ್ದೆ” ಎಂದೆ.

“ಎದ್ಯಾ? ಎಲ್ಲಿಗೆ ಎದ್ದೆ?”

“ಎಲ್ಲಿಗೂ ಇಲ್ಲ. ದೊಡ್ಡತ್ತೆ ಬಂದ್ರಲ್ಲ. ಆಮೇಲೆ ಅವ್ರು ಕರೆಯಕ್ಕೆ ಬಂದ್ರಲ್ಲ.”

“ಎಂಥ ಸಾವು ಮಾರಾಯ್ತಿ! ಕೂತಲ್ಲೇ ಕೈ ಮುಗಿಯಕ್ಕೆ ಆಗಲ್ವಾ?”

“ದೊಡ್ಡವ್ರ ಎದುರು ಕಾಲು ಚಾಚ್ಕಂಡು ಕೂತು ಕೈ ಮುಗಿಯೋದಾ? ನಿಮ್ಮನೇಲಿ ಹಾಗೆ ಕಲ್ಸಿದಾರಾ?”

ಫೋನಿನಲ್ಲಿ ಮೆಕ್ಯಾನಿಕ್ ಇನ್ನೂ ಇದ್ದ ಎನ್ನುವುದು ನಮಗೆ ಮರೆತೇ ಹೋಗಿತ್ತು. ಅವನು ಜೀಪಿನ ಕೆಳಗೆ ಬಿದ್ದು ಬಿದ್ದು ನಗುತ್ತಿರುವುದು ಕೇಳಿತು. ಅವನ ತಲೆ ಜೀಪಿಗೆ ಬಡಿದದ್ದೂ ಕೇಳಿತು.

“ನೀನು ಕೂರೋದು ಬೇಡ” ಎಂದು ನಮ್ಮನೆಯವರು ತೀರ್ಮಾನಿಸಿದರು. “ಸ್ಪ್ಯಾನರ್ ನೀನು ಹಿಡಿ. ನಾನು ಒತ್ತುತೀನಿ. ಹೆಂಗಸ್ರಿಗೆ ಒಂದು ಕಡೆ ಕೂರಕ್ಕೆ ಬರಲ್ಲ.” ಆ ಕೊನೆಯ ಮಾತನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾಗಲಿಲ್ಲ.

ಸ್ಪ್ಯಾನರ್ ಹಿಡಿದದ್ದು ನನಗೆ ವಿಪರೀತ ಇಷ್ಟವಾಯಿತು. ಬಾನೆಟ್ಟಿನ ಕೆಳಗೆ ಏನೇನು ಇದೆ ಎಂದು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಅವರು ಒತ್ತಿ ಹಿಡಿದಾಗ ನಾನು ನಿಪ್ಪಲ್ ತಿರುಗಿಸಿದರೆ ಟ್ಯೂಬಿನಲ್ಲಿ ಎಣ್ಣೆ ಜಿಗಿದು ಬರುತ್ತಿತ್ತು, ಜೊತೆಗೆ ಸಾಬಕ್ಕಿಯಂಥ ಸಾಲು ಸಾಲು ಗುಳ್ಳೆ. ಪ್ರತಿ ಗುಳ್ಳೆಗೂ ನಾನು “ಬಂತು! ಬಂತು!” ಎಂದು ಕಿರುಚುತ್ತಿದ್ದೆ. ಹತ್ತು ಸಲ ಆದಮೇಲೆ ಗುಳ್ಳೆ ದೊಡ್ಡದರಿಂದ ಸಣ್ಣದಾಯಿತು, ಸಣ್ಣದರಿಂದ ಸಾಸಿವೆಯಾಯಿತು. ಇನ್ನು ನಾಲ್ಕು ಸಲ ಸಾಕು ಎನ್ನುವಾಗ, ನಿಪ್ಪಲ್ ತೆರೆದೇ ಇರುವಾಗ, ನನ್ನ ಕಣ್ಣೆದುರೇ ಟ್ಯೂಬಿನಲ್ಲಿದ್ದ ಎಣ್ಣೆ ಸರ್ರನೆ ಹಿಂದಕ್ಕೆ ಓಡಿ ಒಳಗೆ ಹೋಯಿತು. ಅದರ ಹಿಂದೆಯೇ ಒಂದು ಗೇಣು ಗಾಳಿ. ಕಾರಿನೊಳಗೆ ಧಡ್ ಎಂದು ಶಬ್ದ.

ಬಾನೆಟ್ಟಿನ ಪಕ್ಕದಿಂದ ಇಣುಕಿದೆ. ನಮ್ಮನೆಯವರು ಕಾರಿನ ಹೊರಗೆ ನೆಟ್ಟಗೆ ನಿಂತಿದ್ದರು, ಒಂದು ಕೈ ತಲೆಯ ಮೇಲೆ. ಎದುರಿಗೆ ಅವರಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು, ಕೊಡೆ ಊರಿಕೊಂಡು.

“ಕೂತ್ಕೋ, ಕೂತ್ಕೋ” ಎನ್ನುತ್ತಿದ್ದರು ಮೇಷ್ಟ್ರು. “ಇಲ್ಲ ಸಾರ್, ಪರವಾಗಿಲ್ಲ ಸಾರ್” ಎನ್ನುತ್ತಿದ್ದರು ನಮ್ಮನೆಯವರು. ಅವರಿಗೆ ಐವತ್ತೇಳು ವರ್ಷ, ತೋಟಕ್ಕೆ ಹತ್ತು ಜನರನ್ನು ಕರೆದು ಕೆಲಸ ಹೇಳುವ ಯಜಮಾನರು, ತಲೆಯಿಂದ ಕೈ ಇಳಿಸಿ ಚಡ್ಡಿ ಹಾಕಿದ ಮಗುವಿನ ಹಾಗೆ ಕೈ ಕಟ್ಟಿಕೊಂಡಿದ್ದರು.

ನಾನು ಸ್ಪ್ಯಾನರ್ ಕೆಳಗಿಟ್ಟು ನಗತೊಡಗಿದೆ. ನಿಲ್ಲಿಸಲಾಗಲಿಲ್ಲ. ಕಾರಿನ ಮಡ್‌ಗಾರ್ಡಿಗೆ ಒರಗಿ, ಹಾಗೇ ಜಾರಿ, ಅಂಗಳದಲ್ಲೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮೇಷ್ಟ್ರು ಗಾಬರಿಯಾಗಿ, “ಏನಾಯ್ತು ಇವರಿಗೆ?” ಎಂದು ಕೇಳಿದರು. “ಏನಿಲ್ಲ ಸಾರ್, ನಾಳೆ ಡ್ರೈವಿಂಗ್ ಟೆಸ್ಟ್” ಎಂದರು ಇವರು. ಅದು ಮೇಷ್ಟ್ರಿಗೆ ಸಾಕಷ್ಟು ಸಮಾಧಾನಕರ ಉತ್ತರ ಅನ್ನಿಸಿರಬೇಕು, ತಲೆಯಾಡಿಸಿ ಮೇಲಿನ ಮನೆಯ ದಾರಿ ಹಿಡಿದರು.

ಆದರೆ ನಗು ಇಳಿದಮೇಲೆ ಡಬ್ಬಿ ಎತ್ತಿ ನೋಡಿದೆವು. ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ. ಗಂಟೆ ಐದಾಗಿತ್ತು. ಅವತ್ತು ಜಯಪುರದ ಅಂಗಡಿ ರಜೆ, ಶೃಂಗೇರಿಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಬಾಟಲಿಯಲ್ಲಿ ಬಿದ್ದದ್ದನ್ನು ವಾಪಸು ಹಾಕಬೇಡಿ ಎಂದು ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದ. ಇನ್ನೊಂದು ಸರ್ತಿಗೆ ಮಾತ್ರ ಸಾಕಾಗುವಷ್ಟು. ನಮ್ಮನೆಯವರು ನನ್ನ ಮುಖ ನೋಡಲಿಲ್ಲ. “ಯಾರನ್ನಾದ್ರೂ ಕರ್ಸಣ?” ಎಂದರು ಮೆಲ್ಲಗೆ. ಯಾರನ್ನು ಕರೆಸಿದರೂ ಅದೇ ಕಥೆ. ಈ ಊರಿನಲ್ಲಿ ಎದ್ದು ನಿಲ್ಲದವರು ಯಾರಿದ್ದಾರೆ? ಮೇಷ್ಟ್ರು ಹೋದ ದಾರಿಯಲ್ಲೇ ಇನ್ನೊಂದು ಹತ್ತು ನಿಮಿಷಕ್ಕೆ ವಾಪಸು ಬರುತ್ತಾರೆ.

ಆಗ ಮಾವ ಜಗಲಿಯ ಅಂಚಿಗೆ ಹೋಗಿ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು.

“ಅತ್ಲಾಗೆ ಸರೀರೋ. ನಾ ಕೂರ್ತೀನಿ.”

“ಅಪ್ಪಯ್ಯ, ನಿಮ್ಗೆ ಕಾಲು ನೋವು...”

“ಕಾಲಿಗೆಂತ ಆಗಿದೆ? ನಾ ಎದ್ದು ನಿಂತ್ಕಬೇಕಾದವ್ರು ಈ ಊರಲ್ಲಿ ಒಬ್ರೂ ಉಳ್ದಿಲ್ಲ ಕಣೋ. ಎಲ್ಲಾ ಹೋದ್ರು. ಯಾರು ಬರ್ತಾರೋ ಬರ್ಲಿ.”

ಅವರು ಇದನ್ನು ಹೇಳಿದ್ದು ಖುಷಿಯಿಂದಲೇ. ಎಂಬತ್ತನಾಲ್ಕು ವರ್ಷ ಬದುಕಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿದವರ ಹಾಗೆ.

ಅವರನ್ನು ಸೀಟಿನಲ್ಲಿ ಕೂರಿಸಿದೆವು. ಸ್ಟಿಯರಿಂಗಿನ ಹಿಂದೆ ಅವರು ಕೂತದ್ದು ಅದೇ ಮೊದಲು. ಮೊದಲು ಹಾರ್ನ್ ಒತ್ತಿ ನೋಡಿದರು, ಕೊಟ್ಟಿಗೆಯಲ್ಲಿ ದನ ಬೆಚ್ಚಿತು. ನಂತರ ಬರಿಗಾಲನ್ನು ಪೆಡಲಿನ ಮೇಲಿಟ್ಟು, ನಾನು ಬಗ್ಗಿ ಕಾಲು ಸರಿಮಾಡುತ್ತಿರುವಾಗ ಮೆಲ್ಲಗೆ ಕೇಳಿದರು: “ಅಲ್ಲ ಮಗಾ, ಈ ಲೈಸೆನ್ಸು ನಿಂಗೆ ಯಾಕೆ? ನಿಜ ಹೇಳು.”

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. “ಅಕ್ಕನ ಮನೆಗೆ ಹೋಗಕ್ಕೆ ಮಾವಯ್ಯ. ಒಬ್ಳೇ.”

ಅವರು, “ಹಾಗೆ ಹೇಳು ಮತ್ತೆ” ಎಂದರು. “ಹೋಗು, ಸ್ಪ್ಯಾನರ್ ಹಿಡಿ.”

ನಮ್ಮನೆಯವರಿಗೆ ಎಣ್ಣೆ ಸುರಿಯುವ ಕೆಲಸ, ಒಂದು ಹನಿ ಚೆಲ್ಲದ ಹಾಗೆ. ನನಗೆ ನಿಪ್ಪಲ್. ಮಾವನಿಗೆ “ಹಿಡಿ” ಎಂದರೆ ಹಿಡಿದಾಯಿತು, ಕಾರು ಎತ್ತಿದರೂ ಅವರ ಕಾಲು ಏಳುತ್ತಿರಲಿಲ್ಲ. ಹಿಡಿದ ಕೂಡಲೇ ಗುಡ್ಡದ ಪೈಪಿನಲ್ಲಿ ಹಾಕುವ ಹಾಗೆ ಊರಿಗೆಲ್ಲ ಕೇಳುವಂತೆ “ಕೂ” ಹಾಕುತ್ತಿದ್ದರು. ನಾನು ಬಿಗಿಮಾಡಿ ಕೂ ಹಾಕಿದರೆ ಬಿಡುತ್ತಿದ್ದರು. ಐದನೆಯ ಸಲಕ್ಕೆ ಮೇಷ್ಟ್ರು ವಾಪಸು ಬಂದರು. ನಮ್ಮನೆಯವರು ಡಬ್ಬಿ ಹಿಡಿದುಕೊಂಡೇ ಅಟೆನ್ಷನ್ನಿಗೆ ನಿಂತರು. ಮಾವ ಕಾರಿನೊಳಗಿಂದ, “ಹೋಯ್ ಮೇಷ್ಟ್ರೇ, ಬನ್ನಿ. ನಾ ಏಳಲ್ಲ, ನಾ ಗಾಳಿ ಹಿಡ್ದಿದೀನಿ” ಎಂದರು. ಮೇಷ್ಟ್ರೇ ಅವರಿಗೆ ಕೈ ಮುಗಿದು ಹೋದರು.

ಸಾಸಿವೆಯಷ್ಟು ಗುಳ್ಳೆ. ಆಮೇಲೆ ಒಂದೇ ಒಂದು. ಆಮೇಲೆ ಬರೀ ಎಣ್ಣೆ, ಜೇನಿನ ಬಣ್ಣದ್ದು, ತುಂಡಾಗದೆ. ಇನ್ನೊಂದು ಸಲ ನೋಡಿದೆ, ಮತ್ತೊಂದು ಸಲ ನೋಡಿದೆ. ಡಬ್ಬಿ ಖಾಲಿ. ನಿಪ್ಪಲ್ ಬಿಗಿಮಾಡಿ, ಮಾವನನ್ನು ಪಕ್ಕದ ಸೀಟಿಗೆ ಸರಿಸಿ ನಾನು ಕೂತು ಒತ್ತಿದೆ. ಪೆಡಲ್ ಗಟ್ಟಿಯಾಗಿ ನನ್ನ ಕಾಲನ್ನು ಎದುರಿಸಿತು, ಬಿಟ್ಟರೆ ತಾನೇ ಮೇಲೆ ಬಂತು. ಸ್ಟಾರ್ಟ್ ಮಾಡಿದೆ. ಫಸ್ಟ್ ಗೇರ್ ಸದ್ದಿಲ್ಲದೆ ಬಿತ್ತು. ಅಂಗಳವನ್ನು ಒಂದು ಸುತ್ತು ಹೊಡೆದೆ, ನಿಲ್ಲಿಸಲು ಮನಸ್ಸಾಗದೆ ಇನ್ನೊಂದು ಸುತ್ತು, ಇನ್ನೂ ಒಂದು. ಮಾವ ಪ್ರತಿ ಸುತ್ತಿಗೂ ಕಿಟಕಿಯಿಂದ ಕೈ ಹೊರಹಾಕಿ ಕೂ ಹಾಕಿದರು. ನಮ್ಮನೆಯವರು ಅಂಗಳದ ನಡುವೆ ಖಾಲಿ ಡಬ್ಬಿ ಹಿಡಿದು ನಿಂತು, ನಾವು ಹೋದ ಕಡೆಗೆಲ್ಲ ತಿರುಗುತ್ತಿದ್ದರು, ನಗುತ್ತಿದ್ದರು. ನನಗೆ ತಲೆ ತಿರುಗಿತು. ಸಂತೋಷಕ್ಕೋ ಸುತ್ತು ಹೊಡೆದದ್ದಕ್ಕೋ, ಎರಡೂ ಇರಬಹುದು.

ಮಾರನೆಯ ದಿನ ಕೊಪ್ಪಕ್ಕೆ ನಾನೇ ಓಡಿಸಿಕೊಂಡು ಹೋದೆ. ನಮ್ಮನೆಯವರು ಎಡಗಡೆ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿದರು. ಕ್ಯಾಂಪಿನಲ್ಲಿ ಹುಡುಗ ಹುಡುಗಿಯರ ಸಾಲು, ಅದರಲ್ಲಿ ನಾನೊಬ್ಬಳು ಬಿಳಿ ಕೂದಲಿನವಳು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು, ಮುಂದೆ ಹೋಗಿ ಎಂದರು, ರಿವರ್ಸ್ ಬನ್ನಿ ಎಂದರು, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ ಎಂದರು. ಏರಿನಲ್ಲಿ ನಿಲ್ಲಿಸಿ, ಕ್ಲಚ್ಚನ್ನು ಹಿಡಿಯುವ ಜಾಗದವರೆಗೆ ಬಿಟ್ಟು, ಕಾರು ಸಣ್ಣಗೆ ನಡುಗಿದಾಗ ಬ್ರೇಕ್ ಬಿಟ್ಟೆ. ಒಂದು ಇಂಚು ಹಿಂದೆ ಜಾರಲಿಲ್ಲ.

“ಆಯ್ತಮ್ಮ, ಇಳೀರಿ” ಎಂದರು.

“ಪಾಸಾ ಸಾರ್?”

“ಪಾಸು.”

“ನಿಜವಾಗ್ಲೂ?”

“ಹೌದಮ್ಮ, ಹಿಂದೆ ಜನ ಇದಾರೆ.”

ಲೈಸೆನ್ಸ್ ಕೈಗೆ ಬಂದದ್ದು ಒಂದು ಬುಧವಾರ. ಗುರುವಾರ ಬೆಳಿಗ್ಗೆ ನಾನು ಹೊರಟೆ. ಎಲ್ಲಿಗೆ ಎಂದು ನಮ್ಮನೆಯವರು ಕೇಳಲಿಲ್ಲ, ಮಾವ ಹೇಳಿರಬೇಕು. “ನಿಧಾನ ಹೋಗು” ಎಂದಷ್ಟೇ ಅಂದು, ಗಾಜು ಒರೆಸಿಕೊಟ್ಟರು. ಕೊಪ್ಪ ದಾಟಿ ನರಸಿಂಹರಾಜಪುರದ ರಸ್ತೆಗೆ ಬಿದ್ದಮೇಲೆ ನಾನು ಗಟ್ಟಿಯಾಗಿ ಒಬ್ಬಳೇ ಮಾತಾಡತೊಡಗಿದೆ. ಅಕ್ಕನಿಗೆ ಹೇಳಬೇಕಾದದ್ದನ್ನೆಲ್ಲ ಒಂದೊಂದಾಗಿ. ಎದುರಿಗೆ ಬಂದ ಬಸ್ಸಿನ ಡ್ರೈವರ್ ನನ್ನನ್ನು ನೋಡಿ ನಕ್ಕಿದ್ದೂ ಆಯಿತು.

ಅಕ್ಕ ಗೇಟಿಗೆ ಬಂದು ಮೊದಲು ನನ್ನ ಎಡಗಡೆಯ ಸೀಟು ನೋಡಿದಳು, ಆಮೇಲೆ ಹಿಂದಿನ ಸೀಟು.

“ಯಾರ ಜೊತೆ ಬಂದ್ಯೇ?”

“ಒಬ್ಳೇ.”

ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಒಳಗೆ ಬಾ ಎನ್ನುವುದನ್ನೂ ಮರೆತಳು. ನಾನು ಎಡಗಡೆಯ ಬಾಗಿಲು ತೆರೆದು, “ಹತ್ತು” ಎಂದೆ. ಒಲೆಯ ಮೇಲೆ ಸಾರಿದೆ ಎಂದಳು, ಆರಿಸಿ ಬಾ ಎಂದೆ. ಸೀರೆ ಹಳೆಯದು ಎಂದಳು, ಇರಲಿ ಎಂದೆ. ಕೊನೆಗೆ ಆರಿಸಿ, ಬಾಗಿಲು ಎಳೆದುಕೊಂಡು ಬಂದು ಹತ್ತಿದಳು. ಬೆಲ್ಟ್ ನಾನೇ ಹಾಕಿದೆ. ಇಬ್ಬರಿಗೂ ನಗು ತಡೆಯಲಾಗುತ್ತಿಲ್ಲ, ಏಕೆ ನಗುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿಲ್ಲ. ಕಾರನ್ನು ಗೇಟಿನಿಂದ ರಸ್ತೆಯ ತುದಿಯವರೆಗೆ ತಂದು ನಿಲ್ಲಿಸಿದೆ.

“ಎಲ್ಲಿಗೆ ಹೋಗಣ? ನೀ ಹೇಳು. ಎಡಕ್ಕಾ ಬಲಕ್ಕಾ?”

ಅವಳ ನಗು ನಿಂತಿತು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸೆರಗನ್ನು ಬೆರಳಿಗೆ ಸುತ್ತಿದಳು. ಅಕ್ಕನಿಗೆ ಐವತ್ತೆಂಟು ವರ್ಷ, ಆ ರಸ್ತೆಯ ಪಕ್ಕದಲ್ಲಿ ಮೂವತ್ತೈದು ವರ್ಷದಿಂದ ಇದ್ದಾಳೆ.

“ಯಾವ ಕಡೆ ಹೋದ್ರೆ ಯಾರೂ ಬೈಯಲ್ಲ?” ಎಂದು ಕೇಳಿದಳು.

“ಎರಡೂ ಕಡೆ” ಎಂದೆ.

ಅವಳು ಮತ್ತೆ ಎಡಕ್ಕೂ ಬಲಕ್ಕೂ ನೋಡತೊಡಗಿದಳು. ಅವಸರ ಮಾಡಬೇಡ ಎಂದು ನಾನು ಗೇರನ್ನು ನ್ಯೂಟ್ರಲ್ಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದು ಕೂತೆ.